ಹನ್ನೊಂದು ತಿಂಗಳ ಸಂಬಳ

ಗೇಟಿನ ಕಂಬಕ್ಕೆ ಕಾರ್ಡು ತೋರಿಸಿದರೆ ಕೆಂಪು ದೀಪ ಬಂತು. ತಕ್ಕಡಿಯಣ್ಣ ಕಾರ್ಡನ್ನು ಅಂಗಿಗೆ ಒರೆಸಿ ಮತ್ತೆ ತೋರಿಸಿದ. ಮತ್ತೆ ಕೆಂಪು. ಸಾಲಿನಲ್ಲಿ ಹಿಂದಿದ್ದವರು ಕಂಡೂ ಕಾಣದವರ ಹಾಗೆ ಪಕ್ಕದ ಗೇಟಿಗೆ ಸರಿದುಕೊಂಡರು.

"ಅಣ್ಣಾ, ನಿಮ್ದು ಶುಕ್ರವಾರಕ್ಕೇ ಮುಗೀತಲ್ಲ," ಎಂದ ಕಾವಲಿನವನು, ತಪ್ಪು ತನ್ನದೇ ಏನೋ ಎಂಬಂತೆ. "ಏನಾದ್ರೂ ಬಿಟ್ಟು ಹೋಗಿದ್ರಾ?"

"ಬಿಟ್ಟಿಲ್ಲ. ಕೆಲಸಕ್ಕೆ ಬಂದಿದೀನಿ. ಹನ್ನೊಂದು ತಿಂಗಳ ಸಂಬಳ ಒಟ್ಟಿಗೇ ಹಾಕಿಬಿಟ್ಟಿದಾರೆ. ದುಡೀದೆ ಹೆಂಗಪ್ಪ ಇಟ್ಕೊಳ್ಳೋದು?"

ನಗಬೇಕೋ ಬೇಡವೋ ತಿಳಿಯದೆ ಕಾವಲಿನವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಆಮೇಲೆ ಒಳಗೆ ಫೋನು ಮಾಡಿದ.

ಈ ಫ್ಯಾನಿನ ಕಾರ್ಖಾನೆಯಲ್ಲಿ ತಕ್ಕಡಿಯಣ್ಣ ಇಪ್ಪತ್ತೆರಡು ವರ್ಷ ಮಾಡಿದ್ದು ಒಂದೇ ಕೆಲಸ. ಒಂದೇ ತೂಕದ ಮೂರು ರೆಕ್ಕೆ ಆರಿಸಿ ಜೊತೆಮಾಡಿ ಕಟ್ಟುವುದು. ಒಂದು ರೆಕ್ಕೆ ತುಸು ಭಾರವಾದರೂ ಫ್ಯಾನು ಓಲಾಡುತ್ತದೆ. ಹೆಸರು ಬಂದದ್ದೇ ಹಾಗೆ. ಮನೆಯವರು ಇಟ್ಟ ಹೆಸರು ಅಲ್ಲಿ ಯಾರಿಗೂ ನೆನಪಿಲ್ಲ. ಈಗ ಆ ಕೆಲಸಕ್ಕೆ ಯಂತ್ರ ಬಂದಿದೆ. ಯಂತ್ರದ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಚೆನ್ನಾಗಿ ತೂಗುತ್ತದೆ ಎಂದು ಪರೀಕ್ಷಿಸಿ ಒಪ್ಪಿಗೆ ಕೊಟ್ಟವನೂ ಅವನೇ, ಪುಣ್ಯಾತ್ಮ. ಅವನನ್ನು ಕಂಗೆಡಿಸಿದ್ದು ದುಡ್ಡು. ಹಲ್ಲುನೋವಿಗೆಂದು ಅರ್ಧ ಗಂಟೆ ಮುಂಚೆ ಹೊರಟ ದಿನ ಆ ಅರ್ಧ ಗಂಟೆಯನ್ನು ತಾನಾಗಿಯೇ ಸಂಬಳದಲ್ಲಿ ಹಿಡಿಸಿಕೊಂಡವನು, ಕೆಲಸವಿಲ್ಲ ಎಂದವರೇ ಸಂಬಳ ಕೊಟ್ಟರೆ ಏನೆಂದುಕೊಳ್ಳಬೇಕು?

ಮಗಳ ನರ್ಸಿಂಗ್ ಕಾಲೇಜಿಗೆ ಫೀಸು ಕಟ್ಟಲು ಗುರುವಾರ ಕಡೆಯ ದಿನ. ಆದರೂ ಆ ಹಣ ಮುಟ್ಟಲು ಅವನು ಬಿಟ್ಟಿರಲಿಲ್ಲ.

"ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸ್ತಾ ಕೂತ್ಕೋಬೇಡಿ," ಎಂದಿದ್ದಳು ಹೆಂಡತಿ.

"ದಾನ ತಗೊಳ್ಳೋಕೆ ನಾವೇನು ಕೈಯೊಡ್ಡಿ ನಿಂತಿದ್ವಾ? ಯಾತಕ್ಕೆ ಅಂತ ಗೊತ್ತಾಗೋವರೆಗೂ ಅದು ನಮ್ಮದಲ್ಲ ಕಣೆ."

ಭಾವಮೈದುನ ಬಂದವನು, "ಬಾಯಿ ಮುಚ್ಚಿಸೋಕೆ ಕೊಟ್ಟಿರೋದು ಭಾವ," ಎಂದು ಗುಟ್ಟು ಹೇಳಿ ಹೋದ. ತನಗೆ ಗೊತ್ತಿರುವ ಗುಟ್ಟು ಯಾವುದೆಂದು ತಕ್ಕಡಿಯಣ್ಣ ಭಾನುವಾರವಿಡೀ ತಲೆ ಕೆಡಿಸಿಕೊಂಡ. ಊಟದ ಮೇಲೆ ಮ್ಯಾನೇಜರು ನಿದ್ದೆ ಹೊಡೆಯುತ್ತಾರೆ ಎಂಬುದೊಂದು ನೆನಪಾಯಿತು. ಅದು ಇಡೀ ಕಾರ್ಖಾನೆಗೇ ಗೊತ್ತಿತ್ತು.

ಸಿಬ್ಬಂದಿ ವಿಭಾಗದ ಮೇಡಂ ಬಂದರು. ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಗೇಟಿನ ಪಕ್ಕದ ಕೋಣೆಯಲ್ಲಿ ಅವನನ್ನು ಕೂರಿಸಿ ತಾವೂ ಕೂತರು.

"ಅದು ಸಂಬಳ ಅಲ್ಲ, ಪರಿಹಾರ."

"ಪರಿಹಾರ ಅಂದ್ರೆ ಎಲ್ಲಾದ್ರೂ ಪೆಟ್ಟಾಗಿರಬೇಕಲ್ಲ ಮೇಡಂ. ನಂಗೇನೂ ಆಗಿಲ್ಲ."

"ಇಷ್ಟು ವರ್ಷ ದುಡಿದಿದೀರಲ್ಲ, ಅದಕ್ಕೆ."

"ಅದಕ್ಕೆ ತಿಂಗಳು ತಿಂಗಳು ಕೊಟ್ಟಿದೀರಿ. ಒಂದು ತಿಂಗಳೂ ತಪ್ಪಿಲ್ಲ."

"ಬೇರೆ ಕೆಲಸ ಸಿಗೋವರೆಗೆ ಮನೆ ನಡೀಬೇಕಲ್ವಾ?"

"ನಾಳೆನೇ ಸಿಕ್ಕಿದ್ರೆ ಮಿಕ್ಕಿದ್ದು ವಾಪಸ್ ಕೊಡಬೇಕಾ?"

"ಬೇಡ."

"ಮತ್ತೆ?"

ಮೇಡಂ ಹಣೆ ಒತ್ತಿಕೊಂಡರು. "ನೋಡಿ, ಒಳಗೆ ಉಳಿದೋರೂ ಇದಾರೆ. ನಿಮ್ಮನ್ನ ಬರಿಗೈಲಿ ಕಳಿಸಿದ್ರೆ ನಾಳೆ ಅವರು ಮನಸ್ಸಿಟ್ಟು ಕೆಲಸ ಮಾಡ್ತಾರಾ?"

"ಹಂಗಾದ್ರೆ ಅದು ಅವರ ದುಡ್ಡಾಯ್ತಲ್ಲ."

"ಕಾನೂನೂ ಇದೆ. ಯಾರೂ ಕೋರ್ಟಿಗೆ ಹೋಗಬಾರದು ಅಂತಾನೂ ಇದೆ."

"ನಂಗೆ ಕೋರ್ಟು ಎಲ್ಲಿದೆ ಅಂತಾನೇ ಗೊತ್ತಿಲ್ಲ." ಅವನಿಗೆ ನಾಚಿಕೆಯಾಗುತ್ತಿತ್ತು, ಶಾಲೆಯಲ್ಲಿ ಸುಲಭದ ಲೆಕ್ಕ ಬಾರದೆ ನಿಂತ ಹಾಗೆ. "ಇಷ್ಟರಲ್ಲಿ ಯಾವುದು ಅಂತ ಒಂದು ಹೇಳಿಬಿಡಿ ಮೇಡಂ. ಒಂದು ಸಾಕು."

ಮೇಡಂ ಕೈಯಲ್ಲಿದ್ದ ಫೋನು ಮೂರನೆಯ ಸಲ ಹೊಡೆದುಕೊಂಡಿತು. ಅವರಿಗೆ ಸಾಕಾಗಿತ್ತು. "ನೀವು ಇನ್ನು ಇಲ್ಲಿಗೆ ಬರಬಾರದು. ಅದಕ್ಕೇ ಕೊಟ್ಟಿರೋದು," ಎಂದವರು, ಅಂದ ಮೇಲೆ ತುಟಿ ಕಚ್ಚಿಕೊಂಡರು.

ತಕ್ಕಡಿಯಣ್ಣ ತಲೆಯೆತ್ತಿದ. "ಬರದೆ ಇರೋದಕ್ಕೆ?"

"ಹಾಗಲ್ಲ, ನನ್ನ ಮಾತಿನ ಅರ್ಥ..."

"ಹನ್ನೊಂದು ತಿಂಗಳು ಬರದೆ ಇರೋದಕ್ಕೆ. ಹಂಗೆ ಬಾಯಿಬಿಟ್ಟು ಹೇಳಬಾರದಿತ್ತಾ, ಶುಕ್ರವಾರಾನೇ?" ಅವನು ಎದ್ದು ಕೈಮುಗಿದು ಹೊರಟೇಬಿಟ್ಟ.

ಮಾರನೆಯ ದಿನ ಅವನು ಆರಕ್ಕೆ ಎದ್ದು ಗಡ್ಡ ಹೆರೆದುಕೊಂಡ. ಇಸ್ತ್ರಿಯಾದ ನೀಲಿ ಅಂಗಿ ತೊಟ್ಟು, ಎಂಟೂವರೆಗೆ ಸರಿಯಾಗಿ ಹಜಾರದ ಕುರ್ಚಿಯಲ್ಲಿ ಗೋಡೆಗೆ ಮುಖಮಾಡಿ ಕೂತ. ಪೇಪರು ಮುಟ್ಟಲಿಲ್ಲ, ಟಿವಿ ಹಾಕಲಿಲ್ಲ. ಕೂತೇ ಇದ್ದ.

"ಮಾರ್ಕೆಟ್ಟಿಗೆ ಬರ್ತೀರಾ? ಚೀಲ ಭಾರ ಆಗುತ್ತೆ," ಎಂದಳು ಹೆಂಡತಿ.

"ಐದರ ಮೇಲೆ ಬರ್ತೀನಿ. ಈಗ ಕೆಲಸದಲ್ಲಿದೀನಿ."

"ಯಾವ ಕೆಲಸ?"

"ಅಲ್ಲಿಗೆ ಹೋಗದೆ ಇರೋದು. ಅದಕ್ಕೇ ಕೊಟ್ಟಿದಾರಂತೆ, ಮೇಡಮ್ಮೇ ಹೇಳಿದ್ರು. ನೀನು ಇವತ್ತೇ ಫೀಸು ಕಟ್ಟಿಬಿಡು."

ಅವಳು ಬೈಯಲು ಬಾಯಿ ತೆರೆದಳು. ಎರಡೂ ಕೈ ಮೊಣಕಾಲ ಮೇಲಿಟ್ಟು, ಬೆನ್ನು ನೇರ ಮಾಡಿ ಅವನು ಕೂತಿದ್ದ ರೀತಿ ನೋಡಿ ಚೀಲ ಎತ್ತಿಕೊಂಡಳು. ಒಬ್ಬಳೇ ಹೋಗಿ ಫೀಸು ಕಟ್ಟಿ, ಮಾರ್ಕೆಟ್ಟಿಗೂ ಹೋಗಿ, ಬಂದು ಅಡಿಗೆ ಮಾಡಿದಳು.

ಒಂದು ಗಂಟೆಗೆ ತಟ್ಟೆ ಹಿಡಿದು ಬಂದು ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

"ಬಿಡುವು ಎಷ್ಟೊತ್ತು?"

"ಅರ್ಧ ಗಂಟೆ," ಎಂದ ಅವನು, ಕುರ್ಚಿಯಿಂದಿಳಿದು ಅವಳ ಪಕ್ಕದಲ್ಲಿ ಕೂತು.

ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ಒಂದೂ ಇಪ್ಪತ್ತೆಂಟಕ್ಕೆ ಅವಳು ಗಡಿಯಾರ ನೋಡಿ, "ಹೊತ್ತಾಯ್ತು, ಏಳಿ," ಎಂದು ಅವನ ಅಂಗಿಯ ಮೇಲೆ ಬಿದ್ದಿದ್ದ ಅಗುಳನ್ನು ತೆಗೆದಳು.