ಶಿವನ ಎಮ್ಮೆಯ ಹಾಲು

ಆ ಸೋಮವಾರ ಬೆಳಗ್ಗೆ ಗೊರೇಬಾಳದ ಮೇಲೆ ಎಂಥಾ ಮಂಜು ಇಳಿದಿತ್ತೆಂದರೆ, ಕಾಲುವೆ ಏರಿಯ ಮೇಲೆ ಬರುವ ಆಟೋದ ಸದ್ದು ಕೇಳುತ್ತಿತ್ತೇ ಹೊರತು ಆಟೋ ಕಾಣುತ್ತಿರಲಿಲ್ಲ. ಗದ್ದೆಯಲ್ಲಿ ನಿಂತ ನೀರಿಗೂ ಮೇಲಿನ ಮುಗಿಲಿಗೂ ಒಂದೇ ಬಣ್ಣ. ಎರಡನೇ ಬೆಳೆಗೆ ನೀರು ಬಿಟ್ಟಿದ್ದರು. ನಾಟಿಗೆ ಹೊರಟ ಹೆಂಗಸರು ತಲೆಗೆ ಟವೆಲ್ಲು ಸುತ್ತಿಕೊಂಡು, ಮುಂದಿನವಳ ಬೆನ್ನು ನೋಡಿಕೊಂಡು ನಡೆದಿದ್ದರು. ಕಂಕುಳಲ್ಲಿ ಕೂಸಿದ್ದವರು ಮಾತ್ರ ಹಳೇ ಕನ್ನಡ ಸಾಲಿಯ ಕಡೆ ತಿರುಗುತ್ತಿದ್ದರು.

ಅದೇ ಹೊತ್ತಿಗೆ ಶೇಖರಮ್ಮ ಪೂಜೆ ಮುಗಿಸಿ, ಉಳಿದ ಊದುಬತ್ತಿಯ ಮೋಟು ಹಿಡಿದುಕೊಂಡು ದನದ ಕೊಟ್ಟಿಗೆಗೆ ಬಂದಳು.

ಶೇಖರಮ್ಮ ದೊಡ್ಡ ಮನೆಯ ಹೆಂಗಸು. ಗಂಡ ಅಮರಗುಂಡಪ್ಪನಿಗೆ ಕಾಲುವೆ ಕೆಳಗೆ ಹೊಲ, ಸಿಂಧನೂರಿನಲ್ಲಿ ಭತ್ತದ ವ್ಯಾಪಾರ. ಇಷ್ಟಲಿಂಗಕ್ಕೆ ನೀರೆರೆಯದೆ ಆಕೆ ಒಂದು ಗುಟುಕು ಚಹಾ ಕುಡಿದವಳಲ್ಲ. ಅತ್ತೆಯಿಂದ ಕಲಿತ ಒಂದು ನೇಮವನ್ನು ಈ ವಯಸ್ಸಿಗೂ ಬಿಟ್ಟಿರಲಿಲ್ಲ: ಅನ್ನಕ್ಕೆ ಕಬ್ಬಿಣ ಹಚ್ಚಬಾರದು. ಕಾಳಿನ ಚೀಲವಾಗಲಿ, ಹಿಟ್ಟಿನ ಚೀಲವಾಗಲಿ, ಕತ್ತರಿ ಚಾಕು ಮುಟ್ಟಿಸುವಂತಿಲ್ಲ. ಗೋಣಿಚೀಲದ ಕಾಲದಲ್ಲಿ ದಾರ ಬಿಚ್ಚಿದರೆ ಸಾಕಿತ್ತು. ಪ್ಲಾಸ್ಟಿಕ್ಕಿನ ಪಾಕೀಟು ಬಂದ ಮೇಲೆ ಆಕೆ ತನ್ನದೇ ಒಂದು ದಾರಿ ಹುಡುಕಿಕೊಂಡಿದ್ದಳು. ಪೂಜೆಯ ಊದುಬತ್ತಿಯ ಕೆಂಡದಿಂದ ಪಾಕೀಟಿನ ಮೂಲೆಗೆ ಸಾಲಾಗಿ ಚುಚ್ಚುತ್ತಿದ್ದಳು. ಇರುವೆ ಸಾಲು ಹೋದಂತೆ ಕಂದುಬಣ್ಣದ ತೂತು ಬೀಳುತ್ತಿದ್ದವು. ಆಮೇಲೆ ಎಳೆದರೆ ಬಾಯಿ ಬಿಡುತ್ತಿತ್ತು. ಊರಲ್ಲಿ ಇನ್ನಾರೂ ಹೀಗೆ ಮಾಡುತ್ತಿರಲಿಲ್ಲ.

ಆ ದಿನ ಆಕೆ ಹಾಗೆ ತೆರೆದದ್ದು ಅಂಗನವಾಡಿಯ ಪಾಕೀಟು. ಮೂರು ವರ್ಷದೊಳಗಿನ ಕೂಸುಗಳಿಗೆ ಸರಕಾರ ಕೊಡುವ ಸಿಹಿ ಪುಡಿ. ಮೊಮ್ಮಗನ ಹೆಸರಿಗೆ ಬಂದದ್ದು. ಮೊಮ್ಮಗನೋ ಅದನ್ನು ಬಾಯಿಗಿಟ್ಟರೆ ಉಗುಳುತ್ತಿದ್ದ. ಅವನಿಗೆ ಮನೆಯ ಹಾಲು ತುಪ್ಪವಿತ್ತು. ಹೆಸರು ತೆಗೆಸಿಬಿಡೋಣ ಎಂದು ಸೊಸೆ ಶಿವರಂಜನಿ ಒಂದೆರಡು ಸಲ ಹೇಳಿದ್ದಳು. ಕೊಟ್ಟದ್ದನ್ನು ಬೇಡ ಅನ್ನುವುದು ಸೊಕ್ಕು, ಕೊಡುವವನು ಶಿವ, ಸರಕಾರ ಬರೀ ಕೈ ಎಂದು ಶೇಖರಮ್ಮ ಬಾಯಿ ಮುಚ್ಚಿಸಿದ್ದಳು. ಪುಡಿಯನ್ನು ಚೆಲ್ಲಲೂ ಮನಸ್ಸು ಬಂದಿರಲಿಲ್ಲ. ಕೆಲವು ತಿಂಗಳ ಹಿಂದೆ ಮೊದಲ ಸಲ ಹಿಂಡಿಯ ಜೊತೆ ಕಲಸಿ ಎಮ್ಮೆ ಗಂಗವ್ವಳ ಮುಂದೆ ಇಟ್ಟಿದ್ದಳು. ಗಂಗವ್ವ ಬಾನಿಯ ತಳವನ್ನೂ ನೆಕ್ಕಿತು. ಕೆಲವೇ ದಿನಕ್ಕೆ ಹಾಲು ಏರಿತು, ಕೆನೆ ಕಟ್ಟಿತು.

ಗಂಗವ್ವಳ ಸೋಮವಾರದ ಹಾಲೆಲ್ಲ ಈಶ್ವರ ಗುಡಿಯ ಅಭಿಷೇಕಕ್ಕೆ. ಅದು ಹರಕೆ. ಹೀಗಾಗಿ ಊರವರು ಅದನ್ನು ಶಿವನ ಎಮ್ಮೆ ಅನ್ನುತ್ತಿದ್ದರು. ಪುಡಿಯಿಂದ ಹಾಲು ಏರಿದೆ ಎಂದು ತಿಳಿದದ್ದೇ ತಡ, ಓಣಿಯ ಐದಾರು ಉಂಡುಟ್ಟ ಮನೆಯವರು ತಮ್ಮ ಕೂಸುಗಳ ಪಾಕೀಟೂ ತಂದುಕೊಡತೊಡಗಿದರು. ಶಿವನ ಹಾಲಿಗೆ ತಮ್ಮದೂ ಒಂದು ಹಿಡಿ ಸೇರಲಿ ಅಂತ. ಪುಣ್ಯದ ಕೆಲಸ ಯಾರಿಗೆ ಬೇಡ? ಯಾರ ಮನಸ್ಸಿಗೂ ಇದು ತಪ್ಪು ಎಂದು ಹೊಳೆಯಲಿಲ್ಲ. ಖಾಲಿ ಪಾಕೀಟು ತಿಪ್ಪೆಗೆ ಹೋಗುತ್ತಿದ್ದವು.

ಅವತ್ತು ಬೆಳ್ಳಿಯ ತಂಬಿಗೆಯಲ್ಲಿ ಹಾಲು ಒಯ್ದು ಗುಡಿಗೆ ಕೊಟ್ಟು, ಶೇಖರಮ್ಮ ಅಲ್ಲಿಂದಲೇ ಹಳೇ ಸಾಲಿಗೆ ನಡೆದಳು. ಪಂಚಾಯಿತಿಯವರು ಆ ಸಾಲಿಯ ಒಂದು ಕೋಣೆಗೆ ಸುಣ್ಣ ಬಳಿಸಿ ಕೂಸಿನ ಮನೆ ತೆರೆದಿದ್ದರು. ಉದ್ಯೋಗ ಖಾತ್ರಿ ಕೆಲಸಕ್ಕೆ, ನಾಟಿಗೆ ಹೋಗುವ ತಾಯಂದಿರ ಕೂಸುಗಳನ್ನು ಸಂಜೆತನಕ ನೋಡಿಕೊಳ್ಳುವ ಮನೆ. ಸರಕಾರ ಕೊಟ್ಟದ್ದು ಕೊಟ್ಟಿತ್ತು, ಉಳಿದದ್ದನ್ನು ಊರು ತುಂಬಿತ್ತು. ಬಡಗಿ ಅಲ್ಲಾಭಕ್ಷ್ ಕಟ್ಟಿಗೆ ಕುದುರೆ ಮಾಡಿಕೊಟ್ಟಿದ್ದ, ಹಸೀನಾಬೀ ಕೌದಿ ಹೊಲಿದಿದ್ದಳು. ಶೇಖರಮ್ಮ ಒಂದು ಚೀಲ ಅಕ್ಕಿ ಕೊಟ್ಟು, ನೋಡಿಕೊಳ್ಳುವ ಸಮಿತಿಗೆ ಹಿರಿಯಳಾಗಿದ್ದಳು. ಸೋಮವಾರ ಬಂದು ಎಲ್ಲ ಸರಿಯಿದೆಯೋ ಇಲ್ಲವೋ ನೋಡುವುದು ಆಕೆಯ ಪಾಲಿನ ಕೆಲಸ. ಆ ಕೆಲಸವನ್ನು ಆಕೆ ಪೂಜೆಯ ಹಾಗೆಯೇ ಮಾಡುತ್ತಿದ್ದಳು, ಅದರ ಹೆಮ್ಮೆಯೂ ಒಳಗೆ ಇತ್ತು.

ಒಳಗೆ ಜೋಗಮ್ಮ ಒಂದು ಹೆಣ್ಣುಕೂಸಿಗೆ ಗಂಜಿ ಕುಡಿಸುತ್ತಿದ್ದಳು. ಕೂಸಿನ ಮನೆಗೆ ನೇಮಿಸಿದ ಇಬ್ಬರಲ್ಲಿ ಜೋಗಮ್ಮ ಒಬ್ಬಳು, ಹಸೀನಾಬೀ ಇನ್ನೊಬ್ಬಳು. ಕೂಸಿನ ಹೆಸರು ಭಾರತಿ. ಮಸ್ಕಿಯ ಆಚೆಯಿಂದ ನಾಟಿಗೆ ಬಂದ ಗುಂಪಿನವಳ ಮಗಳು. ಕೈಕಾಲು ಜೋಳದ ದಂಟಿನ ಹಾಗೆ, ಕಣ್ಣು ಮಾತ್ರ ದೊಡ್ಡವು. ಇದಕ್ಕೆ ಸಿಹಿ ಪುಡಿ ಯಾಕೆ ಕೊಡುತ್ತಿಲ್ಲ ಎಂದು ಶೇಖರಮ್ಮ ಕೇಳಿದಳು. ಪಕ್ಕದ ಕೋಣೆಯ ಅಂಗನವಾಡಿ ಟೀಚರು ನಂದಿನಿ ಬಾಗಿಲಿಗೆ ಬಂದು ಹೇಳಿದಳು: ಕೂಸಿನ ಹೆಸರು ಇನ್ನೂ ತಾಯಿಯ ಊರಲ್ಲಿದೆ, ಇಲ್ಲಿಗೆ ತರಿಸಲು ಅರ್ಜಿ ಹಾಕಿದ್ದೇನೆ, ಪುಡಿ ಬರುವುದು ಇಲ್ಲಿ ಹೆಸರಿದ್ದವರಿಗೆ ಅಳೆದು.

"ಮೊದಲ ಹಿಂಗಿರಲಿಲ್ಲರೀ," ಅಂದಳು ನಂದಿನಿ. "ಅನುಕೂಲಸ್ಥರು ನಮಗ ಬ್ಯಾಡ ಅಂತಿದ್ರು. ಉಳದದ್ದು ಇಂಥ ಕೂಸಿಗೆ ಆಕ್ಕಿತ್ತು. ಈಗ ಯಾರೂ ಬ್ಯಾಡ ಅನ್ನಂಗಿಲ್ಲ."

ಜನರಿಗೆ ಆಸೆ ಹೆಚ್ಚಾಯಿತು ಎಂದು ಶೇಖರಮ್ಮ ನಿಟ್ಟುಸಿರು ಬಿಟ್ಟಳು. ಮನಸ್ಸು ತುಂಬಿ ಆಡಿದ ಮಾತೇ ಅದು.

ಅಷ್ಟರಲ್ಲಿ ಭಾರತಿ ಕೂತಲ್ಲೇ ಉಚ್ಚೆ ಹೊಯ್ದಳು. ಜೋಗಮ್ಮ ನಗುತ್ತ ಕೌದಿ ಎತ್ತಿದಳು. ಅದರ ಕೆಳಗೆ ನೆಲ ಒದ್ದೆಯಾಗದ ಹಾಗೆ ಒಂದು ಹಾಸು. ಪ್ಲಾಸ್ಟಿಕ್ ಪಾಕೀಟುಗಳನ್ನು ಒಂದಕ್ಕೊಂದು ಸೇರಿಸಿ ಸೂಜಿದಾರದಲ್ಲಿ ಹೊಲಿದದ್ದು. ಎಲ್ಲವೂ ಅಂಗನವಾಡಿಯ ಪುಡಿಯ ಪಾಕೀಟು. ಒಂದೆರಡಲ್ಲ, ಗೋಡೆಯಿಂದ ಗೋಡೆಗೆ.

ಶೇಖರಮ್ಮ ಹಾಸಿನ ಮುಂದೆ ನಿಂತುಬಿಟ್ಟಳು. ಹಸಿದ ಕೂಸು ಮೇಲೆ, ಕೂಸಿನ ಅನ್ನದ ಖಾಲಿ ಚೀಲ ಕೆಳಗೆ.

"ಇವು ಎಲ್ಲಿಂದ ಬಂದ್ವು ಜೋಗಮ್ಮ?"

"ತಿಪ್ಪ್ಯಾಗ ಬಿದ್ದಿದ್ವು ಅವ್ವಾರ. ಕುಳ್ಳಿಗೆ ಸಗಣಿ ತರಾಕ ಹೋದಾಗ ಆರಿಸಿ, ತೊಳದು ಹೊಲದೀನಿ. ಕೂಸಿಗೆ ಥಂಡಿ ಹತ್ತಬಾರದಂತ."

"ಯಾರ ತಿಪ್ಪ್ಯಾಗ?"

ಜೋಗಮ್ಮ ಗಂಜಿಯ ಚಮಚವನ್ನು ಬಟ್ಟಲಲ್ಲಿ ಇಟ್ಟು, ಒರೆಸುವ ಅರಿವೆ ಹುಡುಕಿದಳು.

"ತಿಪ್ಪಿಗೆ ಯಾರಾರ ಹೆಸರು ಬರೀತಾರೇನ್ರೀ ಅವ್ವಾರ," ಅಂದಳು ಹಸೀನಾಬೀ, ಮಾತು ಹಗುರ ಮಾಡಲು. "ಸಾವುಕಾರ್ದಿರಲಿ ಬಡವರ್ದಿರಲಿ, ಎಲ್ಲಾ ಒಂದಾ ನಮೂನಿ ನಾರತಾವ."

ಶೇಖರಮ್ಮ ನಗಲಿಲ್ಲ. ಜೋಗಮ್ಮನ ಮೌನ ಆಕೆಗೆ ತಪ್ಪೊಪ್ಪಿಗೆಯ ಹಾಗೆ ಕಂಡಿತು. ಅಂಗನವಾಡಿ ಪಕ್ಕದಲ್ಲೇ, ದಿನವಿಡೀ ಒಳಗಿರುವವಳು ಇವಳೇ, ಮನೆಯಲ್ಲಿ ಇವಳಿಗೂ ಮೊಮ್ಮಕ್ಕಳು. ಕೂಸುಗಳ ಬಾಯಿಯ ತುತ್ತು ಕದ್ದರೆ ಏಳು ಜನ್ಮಕ್ಕೂ ತೀರದ ಪಾಪ ಎಂದು ದನಿಯೇರಿಸದೆ, ಗುಡಿಯಲ್ಲಿ ಪುರಾಣ ಹೇಳುವವರ ಹಾಗೆ, ಒಂದೊಂದೇ ಮಾತಾಗಿ ಆಡಿದಳು. ಬಾಗಿಲಲ್ಲಿ ಕೂಸು ಬಿಡಲು ಬಂದ ಹೆಂಗಸರು ನಿಂತು ಕೇಳಿದರು. ಸಂಜೆಗೆ ಗುಡಿಯ ಕಟ್ಟೆಗೆ ಬಂದು, ವಿಭೂತಿ ಗಟ್ಟಿ ಮುಟ್ಟಿ ನಿಜ ಹೇಳಬೇಕು, ಇಲ್ಲದಿದ್ದರೆ ಈ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದಳು.

ಜೋಗಮ್ಮನ ಮುಖ ಸಣ್ಣದಾಯಿತು. "ಬರ್ತೀನ್ರೀ," ಅಂದಳು. "ಆದ್ರ ಅಲ್ಲಿ ಕೇಳಬ್ಯಾಡ್ರೀ ಅವ್ವಾರ."

"ಯಾಕ ಕೇಳಬಾರದು?"

"ಕೇಳಿದ್ರ ಹೇಳಬೇಕಾಕೈತಿ."

ಇದನ್ನು ಎಲ್ಲರಿಗೂ ತೋರಿಸುತ್ತೇನೆ ಎಂದು ಶೇಖರಮ್ಮ ಬಗ್ಗಿ ಹಾಸಿನ ಅಂಚು ಹಿಡಿದು ಎತ್ತಿದಳು. ಹೆಬ್ಬೆರಳಿಗೆ ಏನೋ ಒರಟಾಗಿ ಹತ್ತಿತು. ಪಾಕೀಟಿನ ಮೂಲೆಯಲ್ಲಿ ಸಾಲಾಗಿ ಸುಟ್ಟ ತೂತು. ಪಕ್ಕದ್ದನ್ನು ನೋಡಿದಳು, ಅದಕ್ಕೂ. ಅದರಾಚೆಯದಕ್ಕೂ. ಇರುವೆಯ ಸಾಲು ಹಾಸಿನ ಉದ್ದಕ್ಕೂ ಹೋಗಿತ್ತು.

ಆಕೆ ಜೋಗಮ್ಮನ ಕಡೆ ನೋಡಿದಳು. ಜೋಗಮ್ಮ ನೆಲ ಒರೆಸುತ್ತಿದ್ದಳು. ತಿಳಿದೇ ಸುಮ್ಮನಿದ್ದಾಳೆ ಎಂಬುದು ಆ ಬಗ್ಗಿದ ಬೆನ್ನಿನಲ್ಲೇ ಕಾಣುತ್ತಿತ್ತು.

ಅಲ್ಲೇ ಆ ಹೊತ್ತಿಗೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಸಂಜೆಗೆ ನೋಡೋಣ ಎಂದಷ್ಟೇ ಅಂದು, ಹಾಸನ್ನು ಇದ್ದಲ್ಲೇ ಬಿಟ್ಟು, ಖಾಲಿ ತಂಬಿಗೆ ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದಳು. ಅಷ್ಟೊತ್ತಿಗೆ ಮಂಜು ಹರಿದಿತ್ತು. ದಾರಿಯಲ್ಲಿ ಕೈಮುಗಿದವರ ಮುಖ ನೋಡಲು ಆಗಲಿಲ್ಲ.

ಕೊಟ್ಟಿಗೆಯಲ್ಲಿ ಗಂಗವ್ವ ಮೆಲುಕು ಹಾಕುತ್ತ ಮಲಗಿತ್ತು. ಅದರ ಮೂತಿಗೆ ಪುಡಿ ಮೆತ್ತಿತ್ತು. ಶೇಖರಮ್ಮ ಅದರ ಮುಂದೆ ಕೂತಳು. ಭಾರತಿಯ ಕೈಕಾಲು ಕಣ್ಣಿಗೆ ಬಂತು. ಲಿಂಗದ ಮೇಲಿಂದ ಇಳಿದು ಮೋರಿಗೆ ಹರಿಯುವ ಬಿಳಿ ಹಾಲು ಕಣ್ಣಿಗೆ ಬಂತು. ಅಷ್ಟು ಸೋಮವಾರ ತಾನು ಕಣ್ಣುಮುಚ್ಚಿ ಎರೆದದ್ದು ಯಾರ ಹಾಲು? ಶಿವ ಅದನ್ನು ಸುಮ್ಮನೆ ತಲೆಯ ಮೇಲೆ ಹೊತ್ತುಕೊಂಡಿದ್ದ, ಜೋಗಮ್ಮನ ಹಾಗೆಯೇ, ಒಂದು ಮಾತೂ ಆಡದೆ.

ಮಧ್ಯಾಹ್ನ ಓಣಿಯ ಹೆಂಗಸೊಬ್ಬಳು ಬಂದಳು. ಜೋಗಮ್ಮನ ಸುದ್ದಿ ಆಗಲೇ ಗದ್ದೆಗದ್ದೆ ತಿರುಗಿತ್ತು. ಅಂಥವಳನ್ನು ಇವತ್ತೇ ಬಿಡಿಸಿರಿ, ಕೂಸುಗಳ ಅನ್ನ ತಿಂದವರಿಗೆ ಒಳ್ಳೇದಾಗುವುದಿಲ್ಲ ಎಂದಳು. ಹಾಗನ್ನುತ್ತಲೇ ಸೆರಗಿನ ಒಳಗಿಂದ ತನ್ನ ಮಗನ ಪುಡಿಯ ಪಾಕೀಟು ತೆಗೆದು, ಗಂಗವ್ವಗ ಹಾಕ್ರೀ ಎಂದು ಶೇಖರಮ್ಮನ ಕೈಗಿಟ್ಟಳು.

ಪಾಕೀಟು ಕೈಯಲ್ಲಿ ಹಿಡಿದು ಶೇಖರಮ್ಮ ಆಕೆಯ ಮುಖವನ್ನೇ ನೋಡಿದಳು. ಬೆಳಗ್ಗೆ ತಾನು ಹೀಗೇ ಕಂಡಿರಬೇಕು.

ಆಕೆ ಹೋದ ಮೇಲೆ ಶಿವರಂಜನಿ ಮೆಲ್ಲಗೆ ಬಂದು ನಿಂತಳು. ಅತ್ತೆ ಊಟ ಬಿಟ್ಟದ್ದನ್ನು ನೋಡಿದ್ದಳು. ಶೇಖರಮ್ಮ ಸೊಸೆಗೆ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಇನ್ನೊಂದು ಮಾತೂ ಹೊರಬಂತು: ತಾನು ಕೇಳದಿದ್ದರೆ ಜೋಗಮ್ಮ ಹೇಳುವುದಿಲ್ಲ. ಹೋಗಲಿ ಬಿಡು ಎಂದು ಕ್ಷಮಿಸಿದ ಹಾಗೆ ಮಾಡಿಬಿಟ್ಟರೆ ಎಲ್ಲ ಅಲ್ಲಿಗೇ ಮುಗಿಯುತ್ತದೆ. ಊರು ತನ್ನನ್ನು ದೊಡ್ಡ ಮನಸ್ಸಿನವಳು ಅನ್ನುತ್ತದೆ.

"ಮುಗಿತೈತ್ರೀ ಅತ್ತಿ," ಅಂದಳು ಶಿವರಂಜನಿ. "ಜೋಗಮ್ಮಗ ಮಾತ್ರ ಕಳ್ಳಿ ಅಂತ ಹೆಸರು ಉಳೀತೈತಿ."

ಸಂಜೆ ಕಟ್ಟೆಯ ಬಳಿ ನಾಟಿಯಿಂದ ಬಂದ ಹೆಂಗಸರು ಕೆಸರುಗಾಲಲ್ಲೇ ನಿಂತಿದ್ದರು. ನಂದಿನಿ ಇದ್ದಳು, ಹಸೀನಾಬೀ ಇದ್ದಳು. ಮಧ್ಯಾಹ್ನ ಬಂದ ಹೆಂಗಸು ಎಲ್ಲರಿಗಿಂತ ಮುಂದೆ ಕೂತಿದ್ದಳು. ಜೋಗಮ್ಮ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆಯುಟ್ಟು ಬಂದು, ಕಟ್ಟೆಯ ಕೆಳಗೆ ನಿಂತಳು. ಪೂಜಾರಿ ತಟ್ಟೆಯಲ್ಲಿ ವಿಭೂತಿ ಗಟ್ಟಿ ತಂದಿಟ್ಟ. ಜೋಗಮ್ಮ ಕೈ ಚಾಚಿದಳು.

ಶೇಖರಮ್ಮ ಕಟ್ಟೆಯಿಂದ ಇಳಿದಳು. ಜೋಗಮ್ಮನ ಕೈಗಿಂತ ಮೊದಲೇ ತನ್ನ ಕೈ ವಿಭೂತಿಯ ಮೇಲಿಟ್ಟಳು.

"ತಿಪ್ಪಿ ನಂದು," ಅಂದಳು. "ಪುಡಿ ತಿಂದದ್ದು ನನ್ನ ಎಮ್ಮಿ. ತಿನಿಸಿದಾಕಿ ನಾನು. ಜೋಗಮ್ಮಂದು ಏನೂ ತಪ್ಪಿಲ್ಲ."

ಬೈದಿದ್ದರೆ, ನಕ್ಕಿದ್ದರೆ, ಒಬ್ಬರಾದರೂ ಥೂ ಅಂದಿದ್ದರೆ ಆಕೆಗೆ ತಡೆದುಕೊಳ್ಳಲು ಏನಾದರೂ ಸಿಗುತ್ತಿತ್ತು. ಮುಂದೆ ಕೂತಿದ್ದ ಹೆಂಗಸು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ನೆಲ ನೋಡಿದಳು. ಆಕೆಯ ಹಿಂದೆ ಇನ್ನೂ ಕೆಲವರು ನೆಲ ನೋಡಿದರು. ಗುಡಿಯ ಮೋರಿಯ ಬಾಯಲ್ಲಿ ಬೆಳಗಿನ ಹಾಲು ಒಣಗಿ ಬಿಳಿ ಪೊರೆ ಕಟ್ಟಿತ್ತು. ನಾಯಿಯೊಂದು ಅದನ್ನು ನೆಕ್ಕುತ್ತಿತ್ತು.

ಕೊನೆಗೆ ಬಾಯಿಬಿಟ್ಟವಳು ಜೋಗಮ್ಮನೇ. "ಚಳಿ ಬಾಳ ಐತಿ. ನಡೀರಿ ಅವ್ವಾರ, ಮನಿಗೆ ಹೋಗ್ರಿ."

ಆ ಮಾತು ಶೇಖರಮ್ಮನನ್ನು ರಾತ್ರಿಯೆಲ್ಲ ಸುಟ್ಟಿತು. ತಪ್ಪಾಯಿತು ಎಂಬ ಮಾತನ್ನು ಆಕೆ ಇನ್ನೂ ಜೋಗಮ್ಮನಿಗೆ ಹೇಳಿರಲಿಲ್ಲ. ಊರಿಗೆ ಹೇಳಿದ್ದಳು, ಶಿವನಿಗೆ ಹೇಳಿದ್ದಳು.

ಮರುದಿನವೂ ಮಂಜು. ಪೂಜೆಯಾದ ಮೇಲೆ ಉಳಿದ ಊದುಬತ್ತಿಯನ್ನು ಆಕೆ ಬೂದಿಯಲ್ಲಿ ಒತ್ತಿ ಆರಿಸಿದಳು. ಹಿಂದಿನ ದಿನ ಕೈಗೆ ಬಂದಿದ್ದ ಪಾಕೀಟು, ಮೂಲೆ ಸುಡದೆ, ಹಾಗೇ ಇತ್ತು. ಅದನ್ನೂ ಮನೆಯಲ್ಲಿ ಉಳಿದಿದ್ದ ಪಾಕೀಟುಗಳನ್ನೂ ಶಿವರಂಜನಿ ಒಂದು ಚೀಲಕ್ಕೆ ತುಂಬಿ, ಮಗನ ಹೆಸರು ತೆಗೆಸಲು ನಂದಿನಿಯ ಬಳಿಗೆ ಒಯ್ದಳು. ಶೇಖರಮ್ಮ ಗಂಗವ್ವಳನ್ನು ತಾನೇ ಹಿಂಡಿದಳು. ಬೆಳ್ಳಿಯ ತಂಬಿಗೆ ತುಂಬಿತು. ಗುಡಿಯ ಮುಂದೆ ಹಾಯುವಾಗ ಒಂದು ಗಳಿಗೆ ನಿಂತಳು, ಒಳಗೆ ಹೋಗಲಿಲ್ಲ, ಮುಂದೆ ನಡೆದಳು.

ಕೂಸಿನ ಮನೆಯ ಬಾಗಿಲಲ್ಲಿ ಜೋಗಮ್ಮ ಭಾರತಿಯನ್ನು ಎತ್ತಿಕೊಂಡು ನಿಂತಿದ್ದಳು. ಹಾಲು ಕಂಡು ಕೂಸನ್ನು ಕೆಳಗಿಳಿಸಿ, ಒಳಗಿಂದ ಒಂದು ಪಾತ್ರೆ ತಂದು, ದೊಡ್ಡ ಮನೆಯವರು ಏನೇ ಕೊಟ್ಟರೂ ಹಿಡಿಯುವ ರೂಢಿಯಂತೆ ದೂರದಿಂದ ಕೆಳಗೆ ಹಿಡಿದಳು. ತನ್ನನ್ನು ಮುಟ್ಟದ ಹಾಗೆ ಮೇಲಿಂದ ಹೊಯ್ಯಲಿ ಅಂತ.

"ಎಮ್ಮಿ ಹಾಲು ಮಂದ ಇರ್ತೈತಿ," ಅಂದಳು ಶೇಖರಮ್ಮ. "ನೀರು ಬೆರಸಿ ಕಾಸು. ದಿನಾ ತರ್ತೀನಿ."

"ಸೋಮವಾರದ್ದು ಗುಡಿಗಲ್ಲೇನ್ರೀ?"

"ಅದೂ ಕೂಸುಗಳದೇ ಐತಿ. ತಪ್ಪಾತು ಜೋಗವ್ವ."

ಜೋಗಮ್ಮ ಪಾತ್ರೆಯನ್ನು ಹಾಗೇ ಹಿಡಿದಿದ್ದಳು. ಶೇಖರಮ್ಮ ಹಾಲು ಹೊಯ್ಯಲಿಲ್ಲ. ದೇವರ ತಂಬಿಗೆಯನ್ನೇ ಎರಡೂ ಕೈಯಲ್ಲಿ ಮುಂದೆ ಚಾಚಿದಳು. ಜೋಗಮ್ಮ ಪಾತ್ರೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಇನ್ನೂ ಬೆಚ್ಚಗಿದ್ದ ತಂಬಿಗೆಯನ್ನು ಆಕೆಯ ಕೈಯಿಂದ ತೆಗೆದುಕೊಂಡಳು.