ಚಕ್ರದ ಹಿಂದಿನ ಕಲ್ಲು

ಬೇಕಾಗಿದ್ದದ್ದು ಇಪ್ಪತ್ತು, ಇದ್ದದ್ದು ಹತ್ತೊಂಬತ್ತು. ಗುರುವಾರ ಬೆಳಗ್ಗೆ ವಾಹನ ಸುರಕ್ಷತಾ ಕಚೇರಿಯ ಮೂರನೇ ಕೌಂಟರಿನ ಗುಮಾಸ್ತೆ ಫೈಲಿನ ಹಾಳೆಗಳನ್ನು ಮತ್ತೊಂದು ಸಲ ಎಣಿಸಿದಳು. ಎಣಿಸಿದರೆ ಹೆಚ್ಚಾಗುತ್ತವೆಯೇ? ಆದರೂ ಮನಸ್ಸು ಕೇಳಬೇಕಲ್ಲ.

ನಿಯಮ ಇಷ್ಟೇ. ಒಂದೇ ಮಾದರಿಯ ಗಾಡಿಯ ಒಂದೇ ಭಾಗದ ಮೇಲೆ ವರ್ಷದೊಳಗೆ ಇಪ್ಪತ್ತು ದೂರು ಬಂದರೆ ಫೈಲು ಮೇಲಕ್ಕೆ ಹೋಗುತ್ತದೆ, ತನಿಖೆಯಾಗುತ್ತದೆ, ಕಂಪನಿಯವರು ಬಂದು ಉತ್ತರ ಹೇಳಬೇಕಾಗುತ್ತದೆ. ಹತ್ತೊಂಬತ್ತಕ್ಕೆ ನಿಂತರೆ ದಾರ ಕಟ್ಟಿ ಬೀರುವಿಗೆ ಸೇರಿಸುವುದು, ಮುಂದಿನ ವರ್ಷ ಮತ್ತೆ ಸೊನ್ನೆಯಿಂದ ಶುರು. ಈ ವರ್ಷದ ಪುಸ್ತಕ ಶುಕ್ರವಾರ ಸಂಜೆ ಐದಕ್ಕೆ ಮುಚ್ಚುವುದಿತ್ತು.

ಗಾಡಿ ಯಾವುದೆಂದರೆ ಸಾಮಾನು ಸಾಗಿಸುವ ಬಿಳಿಯ ಪುಟ್ಟ ವ್ಯಾನು. ಡ್ರೈವರುಗಳ ಬಾಯಲ್ಲಿ ಅದು ‘ಮೊಲ’. ಅದರ ರೋಗ ಹ್ಯಾಂಡ್ ಬ್ರೇಕಿನ ಕೇಬಲ್ಲಿನದು. ಹಿಂದಿನ ಚಕ್ರದ ಹತ್ತಿರ ಕೇಬಲ್ಲಿನ ಮೇಲಿನ ರಬ್ಬರು ಬಿರಿಯುತ್ತದೆ, ನೀರು ಇಳಿಯುತ್ತದೆ, ಒಳಗಿನ ತಂತಿ ಎಳೆಎಳೆಯಾಗಿ ತುಕ್ಕು ಹಿಡಿದು ಒಂದು ದಿನ ಪಟ್ಟನೆ ಕಡಿಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನೀವು ಲಿವರ್ ಎಳೆದು ನಿಶ್ಚಿಂತೆಯಾಗಿ ಇಳಿಯುತ್ತೀರಿ. ನೀವು ಒಂದು ಕಡೆ ಹೊರಟರೆ ಗಾಡಿ ಇನ್ನೊಂದು ಕಡೆ ಹೊರಡುತ್ತದೆ.

ಬ್ರೆಡ್ಡಿನವನ ಮೊಲ ದರ್ಜಿಯ ಅಂಗಡಿಯ ಗಾಜು ಒಡೆದು ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ನಿಂತಿತ್ತು. ಹೂವಿನ ಅಂಗಡಿಯವಳದು ಚರಂಡಿಗೆ ಇಳಿದಿತ್ತು. ಆದರೆ ಗುಮಾಸ್ತೆ ಮತ್ತೆ ಮತ್ತೆ ತೆಗೆದು ಓದುತ್ತಿದ್ದದ್ದು ಒಂಬತ್ತನೆಯ ದೂರನ್ನು. ಒಬ್ಬ ತಾಯಿ ಇಂಜಿನ್ ಚಾಲೂ ಇಟ್ಟು, ಮಗುವನ್ನು ಸೀಟಿನಲ್ಲಿ ಬಿಟ್ಟು, ಗೇಟು ತೆಗೆಯಲು ಇಳಿದಿದ್ದಳು. ವ್ಯಾನು ಮಗುವನ್ನು ಕೂರಿಸಿಕೊಂಡೇ ಇಳಿಜಾರಿನಲ್ಲಿ ಹೋಗಿ ಬೇಲಿಗೆ ಸಿಕ್ಕಿಕೊಂಡಿತ್ತು. ‘ಮಗುವಿಗೆ ಏನೂ ಆಗಲಿಲ್ಲ. ಈಗಲೂ ಗೇಟು ತೆಗೆಯೋಕೆ ಮಗುವನ್ನ ಎತ್ತಿಕೊಂಡೇ ಇಳೀತೀನಿ’ ಎಂದು ಬರೆದಿದ್ದಳು.

“ಬಿಡಿ ಅಮ್ಮ,” ಅಂದರು ಮೇಲಧಿಕಾರಿ. ಒಳ್ಳೆಯ ಮನುಷ್ಯ, ಆದರೆ ಎದ್ದರೆ ಕುರ್ಚಿ ಎಲ್ಲಿ ತಣ್ಣಗಾಗುತ್ತದೋ ಅನ್ನುವ ಪೈಕಿ. “ಮುಂದಿನ ವರ್ಷ ಬರುತ್ತೆ.”

“ಬರೋದು ದೂರೋ ಹೆಣಾನೋ, ಸಾರ್?” ಅಂದಳು ಇವಳು. ಅವರು ಕನ್ನಡಕ ಒರೆಸಿಕೊಳ್ಳತೊಡಗಿದರು.

ಆಗಲೇ ಅವಳಿಗೆ ಒಂದು ವಿಷಯ ಹೊಳೆದದ್ದು. ಹತ್ತೊಂಬತ್ತು ಜನರಲ್ಲಿ ಬ್ರೆಡ್ಡಿನವನಿದ್ದ, ಮೇಷ್ಟ್ರಿದ್ದರು, ಬಡಗಿಯಿದ್ದ. ಗಾಡಿ ಓಡಿಸುವುದನ್ನೇ ಕಸುಬು ಮಾಡಿಕೊಂಡ ಒಬ್ಬನೇ ಒಬ್ಬ ಡ್ರೈವರ್ ಇರಲಿಲ್ಲ. ದಿನವಿಡೀ ಮೊಲ ಓಡಿಸುವವರು ಅವರೇ ತಾನೇ? ಅವರ ಕೇಬಲ್ಲೇನು ಚಿನ್ನದ್ದೇ?

ಮಧ್ಯಾಹ್ನ ಊಟ ಬಿಟ್ಟು ಬಾಡಿಗೆ ವ್ಯಾನುಗಳು ನಿಲ್ಲುವ ಸ್ಟ್ಯಾಂಡಿಗೆ ಹೋದಳು. ಹನ್ನೆರಡು ಮೊಲ ಸಾಲಾಗಿ ನಿಂತಿದ್ದವು. ಹನ್ನೆರಡರ ಹಿಂದಿನ ಚಕ್ರಕ್ಕೂ ಒಂದೊಂದು ಕಲ್ಲು.

“ಯಾಕಪ್ಪಾ, ಹ್ಯಾಂಡ್ ಬ್ರೇಕ್ ಇಲ್ವಾ?” ಎಂದು ಕೇಳಿದಳು.

“ಇದೆಯಲ್ಲ ಮೇಡಂ, ಊಟದ ಚೀಲ ನೇತು ಹಾಕೋಕೆ!” ಅಂದ ಗಡ್ಡದ ಡ್ರೈವರು. ಎಲ್ಲರೂ ನಕ್ಕರು.

ಅವಳು ದೂರಿನ ಫಾರಂ ತೆಗೆದದ್ದೇ ತಡ, ನಗು ನಿಂತಿತು. ಒಬ್ಬನಿಗೆ ಫೋನು ಬಂತು, ಇನ್ನೊಬ್ಬನಿಗೆ ಟೈರಿನ ಗಾಳಿ ನೋಡುವುದಿತ್ತು. ಗಡ್ಡದವನು ಮಾತ್ರ ನಿಂತು ಹೇಳಿದ: “ಬೇಜಾರು ಮಾಡ್ಕೋಬೇಡಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಡ್ರೈವರಾದೋನು ಗಾಡಿ ಮೇಲೆ ದೂರು ಹೇಳಿದ್ರೆ ನಮಗೂ ಅದೇ ಮಾತು. ನಾಳೆ ನಮ್ಮನ್ನ ಯಾರು ಕರೀತಾರೆ? ನಮಗೆ ಕಲ್ಲು ಸಾಕು.”

ಸಂಜೆ ಬಸ್ಸಿಳಿದು, ಮನೆಯ ಏರು ರಸ್ತೆ ಹತ್ತಿ, ಗೇಟಿನ ಹತ್ತಿರ ದಿನವೂ ಎಡವುವ ಜಾಗದಲ್ಲೇ ಎಡವಿದಳು. “ಹಾಳಾದ ಕಲ್ಲು!” ಎಂದು ದಿನವೂ ಬೈಯುವ ಹಾಗೆಯೇ ಬೈದಳು. ಬೈದವಳು ಅಲ್ಲೇ ನಿಂತಳು. ಗೇಟಿನ ಮುಂದೆ ಮಾವನ ಮೊಲ. ಅದರ ಹಿಂದಿನ ಚಕ್ರಕ್ಕೆ ಆ ಕಲ್ಲು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ!

ಮಾವ ಮೂವತ್ತು ವರ್ಷ ಲಾರಿ ಓಡಿಸಿ ನಿವೃತ್ತರಾದವರು. ಲಾರಿ ಕಂಪನಿ ಕೊಟ್ಟ ಗೋಡೆ ಗಡಿಯಾರದ ಮೇಲೆ ‘ಅಪಘಾತವಿಲ್ಲದ ಮೂವತ್ತು ವರ್ಷ’ ಎಂದು ಕೆತ್ತಿತ್ತು. ಅದು ಹತ್ತು ನಿಮಿಷ ಹಿಂದೆ ಓಡುತ್ತಿತ್ತು, ಆದರೂ ಆ ಮನೆಯಲ್ಲಿ ಅದರ ಮಾತೇ ಮಾತು. ನಿವೃತ್ತಿಯ ಮೇಲೆ ಮೊಲ ಕೊಂಡು, ಕೇರಿಯವರ ಬೀರು, ಮಂಚ, ಮೇಜು ಸಾಗಿಸಿಕೊಂಡಿದ್ದರು. ಅರವತ್ತಾರಾದ ಮೇಲೆ ಗಾಡಿ ಸಾಕು ಅನ್ನುವುದು ಮಗನ ರಾಗ, ಕೀ ಕೊಡುವುದಿಲ್ಲ ಅನ್ನುವುದು ಅಪ್ಪನ ತಾಳ.

ರಾತ್ರಿ ಊಟಕ್ಕೆ ಕೂತಾಗ ಸೊಸೆ ನೇರವಾಗಿ ಕೇಳಿದಳು: “ಮಾವ, ನಿಮ್ಮ ಗಾಡಿ ಕೇಬಲ್ ಕಡಿದಿದೆಯಾ?”

“ನನ್ನ ಗಾಡಿಗೇನಾಗಿದೆ? ಸರಿಯಾಗಿದೆ.”

“ಮತ್ತೆ ಕಲ್ಲು?”

“ಅಭ್ಯಾಸ.”

“ನಾನು ಮದುವೆಯಾಗಿ ಬಂದಾಗ ಈ ಅಭ್ಯಾಸ ಇರಲಿಲ್ಲವಲ್ಲ.”

ಮಾವ ತಟ್ಟೆ ನೋಡಿದರು, ಅತ್ತೆ ಮಾವನನ್ನು ನೋಡಿದರು. ಮಗನಿಗೆ ಅಷ್ಟೇ ಸಾಕಾಯಿತು. “ನಾನು ಹೇಳ್ತಾನೇ ಇದೀನಿ, ಅಪ್ಪಾ. ಕೀ ಕೊಟ್ಬಿಡಿ.”

“ಸುಮ್ಮನಿರೋ,” ಅಂದರು ಮಾವ.

ಸೊಸೆ ಒಂಬತ್ತನೆಯ ದೂರಿನ ವಿಷಯ ಹೇಳಿದಳು. ಗೇಟು, ಮಗು, ಬೇಲಿ. ನಾಳೆ ಐದರೊಳಗೆ ಇನ್ನೊಂದು ದೂರು ಬರದಿದ್ದರೆ ಎಲ್ಲ ಬೀರುವಿಗೆ ಹೋಗುತ್ತದೆ ಅಂದಳು. ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. ಮಾವ ಎದ್ದು ಕೈ ತೊಳೆದು ಒಳಗೆ ಹೋದರು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವಂತಿತ್ತು ಅವರ ಮುಖ.

ಮಲಗುವ ಮುಂಚೆ ಅವಳು ಎಂದಿನಂತೆ ಬಚ್ಚಲಿನ ನೆಲ ಒರೆಸಿದಳು. ಇದಕ್ಕೊಂದು ಕಾರಣವಿತ್ತು. ಹನ್ನೊಂದು ತಿಂಗಳ ಹಿಂದೆ ಒಂದು ಬೆಳಗ್ಗೆ ಅವಳು ಬಚ್ಚಲು ತೊಳೆದು, ಒರೆಸದೆ, ಬಸ್ಸಿಗೆ ಓಡಿದ್ದಳು. ಅದೇ ದಿನ ಅತ್ತೆ ಅಲ್ಲಿ ಜಾರಿ ಬಿದ್ದು ಪಾದದ ಗಿಣ್ಣು ಮುರಿದುಕೊಂಡರು. ಅಂದಿನಿಂದ ಕೈಗೆ ಕೋಲು ಬಂತು. ಮನೆಯಲ್ಲಿ ಯಾರೂ ಅವಳನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮೂರು ರಬ್ಬರು ಮ್ಯಾಟು ತಂದು ಹಾಸಿದಳು, ದಿನಕ್ಕೆರಡು ಸಲ ಒರೆಸಿದಳು. ಕೋಲಿನ ಟಕ್ ಟಕ್ ಕೇಳಿದಾಗಲೆಲ್ಲ ಕೈಲಿದ್ದ ಕೆಲಸ ಬಿಟ್ಟು ನೆಲ ನೋಡುತ್ತಿದ್ದಳು.

ಶುಕ್ರವಾರ ನಾಲ್ಕು ಇಪ್ಪತ್ತಕ್ಕೆ ಐವತ್ತಮೂರನೇ ಟೋಕನ್ ಕೂಗಿದರು. ಬಂದದ್ದು ಟಕ್ ಟಕ್ ಸದ್ದು. ತಲೆಯೆತ್ತಿದರೆ ಅತ್ತೆ, ಅವರ ಹಿಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮಾವ. ಮೊದಲ ದಿನ ಶಾಲೆಗೆ ಬಂದ ಮಗುವಿನ ಹಾಗೆ ಟೋಕನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು.

“ಬರ್ಕೋ,” ಅಂದರು ಅತ್ತೆ.

ಮನೆಯವರ ದೂರನ್ನು ಬರೆದುಕೊಳ್ಳಬಹುದೇ ಎಂದು ಅವಳು ಮೇಲಧಿಕಾರಿಯತ್ತ ನೋಡಿದಳು. “ಬೇಡ ಅನ್ನೋ ನಿಯಮ ಇಲ್ಲ, ಅಷ್ಟು ದೂರ ಯಾರೂ ಯೋಚಿಸಿಲ್ಲ,” ಅಂದರು ಅವರು. ಅವಳು ಫಾರಂ ತೆಗೆದಳು. ಮಾದರಿ, ನಂಬರು, ಓಡಿದ ಕಿಲೋಮೀಟರು. ಮಾವ ಪಟಪಟನೆ ಹೇಳಿದರು.

“ಕೇಬಲ್ ಯಾವಾಗ ಕಡಿಯಿತು?”

“ಹನ್ನೊಂದು ತಿಂಗಳ ಹಿಂದೆ. ಹೊಸದು ಹಾಕಿಸಿದೆ. ಐದು ತಿಂಗಳಿಗೆ ಅದೂ ಕಡೀತು. ಸಾಕಪ್ಪಾ ಅಂತ ಬಿಟ್ಟೆ.”

ಏಳನೆಯ ಪ್ರಶ್ನೆ. “ಯಾರಿಗಾದರೂ ಪೆಟ್ಟಾಯಿತೇ?”

“ಇಲ್ಲ,” ಅಂದರು ಮಾವ.

ಅತ್ತೆ ಕೋಲನ್ನು ನೆಲಕ್ಕೆ ಕುಟ್ಟಿದರು. ಪಕ್ಕದ ಕೌಂಟರಿನವರೂ ತಿರುಗಿ ನೋಡಿದರು. “ಆಯ್ತು ಅಂತ ಬರಿ. ನನಗಾಯ್ತು.”

ಅವಳಿಗೆ ಒಮ್ಮೆಲೇ ಅರ್ಥವಾಗಲಿಲ್ಲ. ಮಾವ ಕೌಂಟರಿನ ಅಂಚು ನೋಡುತ್ತ ಹೇಳಿದರು: “ಆವತ್ತು ಬೆಳಗ್ಗೆ ಬೀರು ಹೇರಿದ್ದೆ. ಇಂಜಿನ್ ಚಾಲೂ ಇತ್ತು. ಲಿವರ್ ಎಳೆದು, ಗೇಟು ಹಾಕೋಕೆ ಇಳಿದೆ. ನಾನು ಮರೆತ ನೀರಿನ ಬಾಟಲಿ ಹಿಡ್ಕೊಂಡು ಇವಳು ಗಾಡಿ ಹಿಂದೆ ಬಂದಳು. ಅಷ್ಟರಲ್ಲಿ ಗಾಡಿ ಹಿಂದಕ್ಕೆ ಜಾರಿತು. ಕೂಗಿದೆ, ಇಂಜಿನ್ ಸದ್ದಿಗೆ ಕೇಳಿಸಲಿಲ್ಲ. ಹಿಂದಿನ ಬಂಪರು ಇವಳನ್ನ ಕೆಡವಿ, ಕಾಂಪೌಂಡು ಮೂಲೆಗೆ ತಗುಲಿ ನಿಂತಿತು.”

“ಬಚ್ಚಲು?” ಅಂದಳು ಸೊಸೆ.

“ಬಚ್ಚಲು ಅಂದೋಳು ನಾನೇ,” ಅಂದರು ಅತ್ತೆ. “ನಿಜ ಹೇಳಿದ್ರೆ ನಿನ್ನ ಗಂಡ ಕೀ ಕಿತ್ಕೊಳ್ತಿದ್ದ. ಕೀ ಹೋದ್ರೆ ಇವರು ಗೋಡೆ ನೋಡ್ಕೊಂಡು ಕೂತ್ಬಿಡ್ತಾರೆ. ನೆಲ ಒದ್ದೆ ಇತ್ತು, ನೆಪ ಸಿಕ್ತು. ನಿನ್ನ ತಲೆ ಮೇಲೆ ಬೀಳುತ್ತೆ ಅಂತ ಆ ಹೊತ್ತಲ್ಲಿ ಹೊಳೀಲಿಲ್ಲ, ತಾಯಿ. ಹೊಳೆದಾಗ ಹೇಳೋ ಧೈರ್ಯ ಬರಲಿಲ್ಲ.”

“ಹನ್ನೊಂದು ತಿಂಗಳು ಒರೆಸಿದೀನಿ, ಅತ್ತೆ!”

“ನೋಡ್ತಿದ್ದೆ,” ಅಂದರು ಅತ್ತೆ. “ನೀನು ಬಗ್ಗಿ ಒರೆಸೋವಾಗೆಲ್ಲ ನನ್ನ ಕಾಲಿಗಿಂತ ಹೆಚ್ಚು ನೋಯ್ತಿತ್ತು. ಮಗುವಿನ ಕಥೆ ಕೇಳಿದ ಮೇಲೆ ತಡ್ಕೊಳ್ಳೋಕಾಗಲಿಲ್ಲ.”

ಕೊನೆಯ ಪ್ರಶ್ನೆಗೆ ಎರಡು ಚೌಕಗಳಿದ್ದವು. ಚಾಲಕರ ಅಜಾಗ್ರತೆ, ಭಾಗದ ದೋಷ.

“ಮೊದಲನೇದಕ್ಕೆ ಹಾಕು,” ಅಂದರು ಮಾವ. “ಇಂಜಿನ್ ಆರಿಸಿ ಗೇರಿಗೆ ಹಾಕದೆ ಇಳಿದೋನು ನಾನು. ಸುಳ್ಳು ಹೇಳಿದೋನೂ ನಾನು.”

ಸೊಸೆಗೆ ಕೋಪ ನೆತ್ತಿಗೇರಿತ್ತು. ಇಲ್ಲದ ಮಾತು ಯಾಕೆ, ಮೊದಲನೆಯ ಚೌಕಕ್ಕೇ ಗುರುತು ಹಾಕೋಣ ಅನ್ನಿಸಿತು. ಹಾಕಿದರೆ ಈ ದೂರು ಲೆಕ್ಕಕ್ಕೆ ಬರುವುದಿಲ್ಲ, ಹತ್ತೊಂಬತ್ತು ಹತ್ತೊಂಬತ್ತೇ. ಪೆನ್ನು ಹಿಡಿದ ಕೈ ಮೇಲೆಯೇ ನಿಂತಿತು. ಕಚೇರಿಯ ಗೋಡೆ ಗಡಿಯಾರ ನಾಲ್ಕು ನಲವತ್ತೆಂಟು ತೋರಿಸುತ್ತಿತ್ತು.

“ಮಾವ, ಆಗ ಗಾಡಿಗೆ ಕಲ್ಲು ಕೊಟ್ಟಿರಲಿಲ್ವಾ?”

“ಎಲ್ಲಿಯ ಕಲ್ಲು? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಕಲ್ಲು ಬಂದದ್ದು ಆಮೇಲೆ.”

ಅವಳಿಗೆ ಸ್ಟ್ಯಾಂಡಿನ ಸಾಲು ಕಣ್ಣಿಗೆ ಕಟ್ಟಿತು. ಹನ್ನೆರಡು ಗಾಡಿ, ಹನ್ನೆರಡು ಕಲ್ಲು. ಅವುಗಳಲ್ಲಿ ಎಷ್ಟು ಕಲ್ಲು ಹೀಗೆ ಆಮೇಲೆ ಬಂದವೋ, ಯಾರ ಮನೆಯ ಯಾರು ಎಲ್ಲಿ ಜಾರಿ ಬಿದ್ದರೆಂದು ಹೇಳಿಕೊಂಡಿದ್ದಾರೋ.

“ಸುಳ್ಳು ಹೇಳಿದ್ದಕ್ಕೆ ಈ ಫಾರಂನಲ್ಲಿ ಚೌಕ ಇಲ್ಲ ಮಾವ,” ಅಂದಳು. “ಅದನ್ನ ಮನೆಗೆ ಹೋಗಿ ನೋಡ್ಕೊಳ್ಳೋಣ. ಎಳೆದ ಬ್ರೇಕು ಹಿಡೀಬೇಕಿತ್ತು, ಹಿಡೀಲಿಲ್ಲ.” ಎರಡನೆಯ ಚೌಕಕ್ಕೆ ಗುರುತು ಹಾಕಿ ಫಾರಂ ತಿರುಗಿಸಿದಳು. ಮಾವ ಸಹಿ ಮಾಡಿದರು. ಕ್ರಮಸಂಖ್ಯೆಯ ಜಾಗದಲ್ಲಿ ಅವಳು ಇಪ್ಪತ್ತು ಎಂದು ಬರೆದು ಮುದ್ರೆ ಒತ್ತಿದಳು. ಮೇಲಧಿಕಾರಿ ತಾವೇ ಕುರ್ಚಿ ಬಿಟ್ಟು ಎದ್ದು ಬಂದು ಫೈಲು ತೆಗೆದುಕೊಂಡು ಹೋದರು.

ಮಾವ ಜೇಬಿನಿಂದ ಕೀ ತೆಗೆದು ಕೌಂಟರಿನ ಮೇಲಿಟ್ಟರು. “ಮಗನ ಕೈಗೆ ಕೊಡ್ಬೇಡ. ನಿನ್ನ ಹತ್ರ ಇರಲಿ. ಕೇಬಲ್ ಸರಿಯಾದ್ದು ಬಂದಾಗ ಕೊಡು.” ಅವಳು ಕೀಯನ್ನು ಚೀಲಕ್ಕೆ ಹಾಕಿಕೊಂಡಳು. ಮೂವರೂ ಬಸ್ಸಿನಲ್ಲಿ ಮನೆಗೆ ಹೋದರು.

ಮರುದಿನ ಬೆಳಗ್ಗೆ ಅವಳು ಬಚ್ಚಲು ತೊಳೆದು, ಒರೆಸುವ ಬಟ್ಟೆಯನ್ನು ಮೊಳೆಯಲ್ಲೇ ಬಿಟ್ಟು, ಚಹಾ ಲೋಟ ಹಿಡಿದು ಹೊರಗೆ ಮೆಟ್ಟಿಲ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅತ್ತೆಯ ಧ್ವನಿ ಬಂತು: “ನೆಲ ಒದ್ದೆ ಇದೆಯಲ್ಲೇ!”

ಅವಳು ಎದ್ದಳು. ಅಷ್ಟರಲ್ಲಿ ಮಾವ ಒಳಗೆ ಹೋಗಿದ್ದರು. ಬಾಗಿಲಿಂದ ಇಣುಕಿದರೆ, ಮಂಡಿಯೂರಿ ಕೂತು, ಮೂಲೆಯಿಂದ ಮೂಲೆಗೆ ಒರೆಸುತ್ತಿದ್ದರು.