ತೊಟ್ಟಿಲಗಣ್ಣಿನ ಚೆನ್ನಿ

ಕಿನ್ನಾಳದ ಮಾರೆಮ್ಮಜ್ಜಿಯ ಮಡಿಲಲ್ಲಿ ಕಥೆಗಳಿಗೆ ಬರ ಇರಲಿಲ್ಲ. ಆದರೆ ಒಂದು ಕಥೆಯನ್ನು ಮಾತ್ರ ಆಕೆ ಕೇಳಿದಾಗೆಲ್ಲ ಹೇಳುತ್ತಿರಲಿಲ್ಲ. ಮನಸ್ಸು ಬಂದ ದಿನ, ಸಂಜೆ ಜೋಳ ಹಸನು ಮಾಡುತ್ತ, ಮೊರದ ಸಪ್ಪಳದ ನಡುವೆ ತನಗೆ ತಾನೇ ಎಂಬಂತೆ ಶುರು ಮಾಡುತ್ತಿದ್ದಳು. ಅದು ತೊಟ್ಟಿಲಗಣ್ಣಿನ ಚೆನ್ನಿಯ ಕಥೆ.

ಚೆನ್ನಿಯ ಕೂದಲು ಗೋವಿನಜೋಳದ ತೆನೆಯ ಎಳೆಯಂತೆ. ಮೈ ಹಾಲಿನ ಕೆನೆ. ಸೂರ್ಯನಿಗೆ ಆಕೆಯನ್ನು ಕಂಡರೆ ಎಲ್ಲಿಲ್ಲದ ಸಿಟ್ಟು. ಅಂಗಳಕ್ಕೆ ಕಾಲಿಟ್ಟರೆ ಸಾಕು, ಸುಟ್ಟು ಬೊಬ್ಬೆ ಎಬ್ಬಿಸುತ್ತಿದ್ದ. ಕಣ್ಣುಗಳು ಒಂದೆಡೆ ನಿಲ್ಲವು, ತೂಗುಬಿಟ್ಟ ತೊಟ್ಟಿಲಿನ ಹಾಗೆ ಅತ್ತ ಇತ್ತ ಆಡುತ್ತಲೇ ಇರುವವು. ಮಣಿ ಪೋಣಿಸಬೇಕೆಂದರೆ ಮಣಿಯನ್ನು ಮೂಗಿಗೆ ತಾಗಿಸಿಕೊಂಡು ಪೋಣಿಸುವಳು. ಮನೆಗೆ ನೆಂಟರು ಬಂದರೆ ಅವ್ವ ಆಕೆಯನ್ನು ಒಳಕೋಣೆಯಲ್ಲಿ ಕೂರಿಸಿ ಚಿಲಕ ಹಾಕುವಳು. ಕೊನೆಗೆ ಒಂದು ಹುಣ್ಣಿಮೆ, ಚಂದ್ರ ಬಂಡಿ ಕಟ್ಟಿಕೊಂಡು ಬಂದು, ‘ಈಕಿ ನನ್ನ ಬಣ್ಣದಾಕಿ, ನನಗ ಕೊಡ್ರಿ’ ಎಂದು ಕೇಳಿ ಕರೆದುಕೊಂಡು ಹೋದ.

ಈ ಕಥೆ ಕೇಳಿಕೊಂಡೇ ಸಹನಾ ಬೆಳೆದಳು. ಅವಳ ಮನೆ ಇದ್ದದ್ದು ಹೊಳೆ ನಡುವಿನ ವಿರೂಪಾಪುರಗಡ್ಡೆಯಲ್ಲಿ. ಆದರೆ ಸಾಲಿ ಕಲಿಯಲೆಂದು ತಾಯಿ ಶೇಖರಮ್ಮ ಅವಳನ್ನು ಚಿಕ್ಕಂದಿನಲ್ಲೇ ಕಿನ್ನಾಳಕ್ಕೆ, ತನ್ನ ಅಣ್ಣ ಮುದಿಯಪ್ಪನ ಮನೆಗೆ ಕಳಿಸಿದ್ದಳು. ಮಾರೆಮ್ಮಜ್ಜಿ ಈ ಅಣ್ಣತಂಗಿಯರ ತಾಯಿ. ಈಗ ಸಹನಾ ಕೊಪ್ಪಳದ ಕಾಲೇಜಿನಲ್ಲಿ ಪಿಯುಸಿ ಎರಡನೆಯ ವರ್ಷ ವಿಜ್ಞಾನ ಓದುತ್ತಿದ್ದಳು. ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತರೆ, ಹೊರಗಿನ ಕಲ್ಲುಗುಡ್ಡಗಳ ನಡುವೆ ಚಂದ್ರನ ಬಂಡಿಯ ಗಾಲಿಗುರುತು ಹುಡುಕುವ ಹುಡುಗಿ.

ಆ ಎರಡು ಮನೆಗಳ ನಡುವೆ ಹೆಣ್ಣು ಕೊಟ್ಟು ತರುವುದು ಹೊಸದೇನಲ್ಲ. ಮುದಿಯಪ್ಪನ ಮಗಳು ಹಂಪವ್ವನನ್ನು ಸಹನಾಳ ಅಣ್ಣ ಆಂಜನೇಯ ಮದುವೆಯಾಗಿದ್ದ. ಮುದಿಯಪ್ಪನ ಮಗ ತಿರುಪತಿಗೆ ಸಹನಾ ಎಂದು ತೊಟ್ಟಿಲಲ್ಲೇ ಮಾತಾಗಿತ್ತು. ಅವನು ಹೊಲದಿಂದ ಬರುವಾಗ ಸೈಕಲ್ ಬೆಲ್ ಬಾರಿಸುವ ರೀತಿಗೇ ಅವಳ ಕಿವಿ ಕೆಂಪಾಗುತ್ತಿತ್ತು. ಕರುಳು ಕರುಳಿಗೆ ಕೂಡಿದರೆ ಮನೆ ಗಟ್ಟಿ ಎಂಬುದು ಹಿರಿಯರ ನಂಬಿಕೆ.

ಹಂಪವ್ವ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಹೆಣ್ಣು ಹುಟ್ಟಿತು. ಹುಟ್ಟಿದ ಕೂಸಿನ ತಲೆಯ ಮೇಲೆ ಬೆಳ್ಳನೆಯ ನವಿರು, ರೆಪ್ಪೆಯೂ ಬಿಳಿ, ಮೈ ನಸುಗೆಂಪು.

ಹಂಪವ್ವ ಎರಡು ವರ್ಷ ಗಡ್ಡೆಯ ಒಂದು ಗೆಸ್ಟ್‌ಹೌಸಿನ ಅಡುಗೆಮನೆಯಲ್ಲಿ ಪ್ರವಾಸಿಗಳಿಗೆ ಚಪಾತಿ ಲಟ್ಟಿಸಿದ್ದಳು. ಗದ್ದೆಯ ಬದುವಿನ ಮೇಲೆ ಬಿಳಿಯರು ಹಗ್ಗದ ಜೋಲಿ ಕಟ್ಟಿಕೊಂಡು ಮಲಗುತ್ತಿದ್ದ ಕಾಲ ಅದು. ಊರಿಗೆ ಮತ್ತೇನು ಬೇಕು? ಕೂಸು ಕಣ್ಣು ಬಿಡುವ ಮೊದಲೇ ಗಡ್ಡೆಯಲ್ಲಿ ಅದಕ್ಕೆ ಹೆಸರಿಟ್ಟಾಗಿತ್ತು: ‘ಫಾರಿನ್ ಕೂಸು’. ಹೆಸರಿಡುವ ದಿನ ಬಂದ ಆಂಜನೇಯ ತೊಟ್ಟಿಲೊಳಗೆ ಒಮ್ಮೆ ಇಣುಕಿದ. ಕೈಯಲ್ಲಿದ್ದ ಚಹಾದ ಕಪ್ಪನ್ನು ಕುಡಿಯದೆ ಕಟ್ಟೆಯ ಮೇಲಿಟ್ಟು ಎದ್ದುಹೋದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಕೊಪ್ಪಳದ ಡಾಕ್ಟರಮ್ಮ, “ಇದು ತೊನ್ನಲ್ಲ, ಹುಟ್ಟಿನಿಂದ ಬಂದದ್ದು. ಬಿಸಿಲಿಗೆ ಒಡ್ಡಬೇಡ್ರಿ, ಕಣ್ಣು ತೋರಿಸ್ಕೋತ ಇರ್ರಿ” ಎಂದು ಹೇಳಿದ್ದರು. ಯಾರಿಂದ ಬಂದದ್ದು ಎಂದು ಕೇಳಲು ಮುದಿಯಪ್ಪನಿಗೆ ಬಾಯಿ ಬಂದಿರಲಿಲ್ಲ.

ಕೂಸಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಗಡ್ಡೆಯಿಂದ ಸುದ್ದಿ ಬಂತು. ಸೋಮವಾರ ತಾಯಿ ಮಗ ಬರುತ್ತಾರೆ, ಮಾತು ಮುಗಿಸಿಕೊಂಡು ಹೋಗುತ್ತಾರೆ. ಕರೆದುಕೊಂಡು ಹೋಗಲಿಕ್ಕಲ್ಲ, ಬಿಟ್ಟುಬಿಡಲಿಕ್ಕೆ.

ಅದೇ ವಾರ ಕಾಲೇಜಿನಲ್ಲಿ ಅನುವಂಶೀಯತೆಯ ಪಾಠ ನಡೆದಿತ್ತು. ಪ್ರತಿ ಜೀವಕೋಶದ ಒಳಗೂ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಎಳೆ ಇರುತ್ತದೆ. ಕೂದಲು ಹೇಗೆ, ಕಣ್ಣು ಹೇಗೆ ಎಂಬುದೆಲ್ಲ ಅದರಲ್ಲಿ ಉಂಟು. ಒಂದೊಂದು ಗುಣಕ್ಕೂ ಎರಡೆರಡು ಪ್ರತಿ, ತಾಯಿಯ ಕಡೆಯಿಂದ ಒಂದು, ತಂದೆಯ ಕಡೆಯಿಂದ ಒಂದು. ಮೈಗೆ ಬಣ್ಣ ಕೊಡುವ ಮೆಲನಿನ್ ತಯಾರಾಗಬೇಕಾದರೆ ಎರಡರಲ್ಲಿ ಒಂದು ಸರಿಯಿದ್ದರೂ ಸಾಕು. ಎರಡೂ ಕೆಟ್ಟಿದ್ದರೆ ಬಣ್ಣವೇ ಇಲ್ಲ. ಸಹನಾಳಿಗೆ ಅದು ಕಥೆಯಂತೆಯೇ ಕೇಳಿಸಿತು. ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ಮಗಳಿಗೆ ಬಾಯಿಂದ ಬಾಯಿಗೆ ಹೋಗುವ ಕಥೆ. ನಡುವೆ ಯಾರೋ ಒಂದು ಮಾತು ಬಿಟ್ಟರು ಎಂದುಕೋ. ಇನ್ನೊಂದು ಕಡೆಯಿಂದ ಬಂದ ಕಥೆಯಲ್ಲಿ ಆ ಮಾತು ಇರುವ ತನಕ ತಪ್ಪು ಗೊತ್ತೇ ಆಗುವುದಿಲ್ಲ. ಎರಡೂ ಕಡೆ ಒಂದೇ ಅಜ್ಜಿಯ ಕಥೆಯೇ ಬಂದರೆ?

ಭಾನುವಾರ ಬೆಳಿಗ್ಗೆ ಹಂಪವ್ವ ಕಾಲು ನೀಡಿ ಕೂತು ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ನೀರು ಹೊಯ್ಯಲು ಬಗ್ಗಿದ ಸಹನಾ ಕೂಸಿನ ಮುಖ ನೋಡಿದಳು. ಅದರ ಕಣ್ಣುಗಳು ಅತ್ತ ಹೋದವು, ಇತ್ತ ಬಂದವು. ಮತ್ತೆ ಅತ್ತ. ಯಾರೋ ಕಾಣದ ಕೈ ತೂಗುತ್ತಿರುವಂತೆ.

ತಂಬಿಗೆ ಅವಳ ಕೈಯಿಂದ ಜಾರಿ ಬಿತ್ತು.

“ಯಾಕವಾ? ಏನಾತು?” ಹಂಪವ್ವ ಬೆಚ್ಚಿದಳು.

“ಏನಿಲ್ಲಕ್ಕ” ಎಂದವಳೇ ಸಹನಾ ಹಿತ್ತಲಿಗೆ ಓಡಿದಳು. ಅಜ್ಜಿ ಅಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದಳು.

“ಆಯೀ, ಚೆನ್ನಿ ಯಾರು?”

“ಯಾವ ಚೆನ್ನಿ?”

“ತೊಟ್ಟಿಲಗಣ್ಣಿನಾಕಿ. ನೀ ಆಕಿನ ನೋಡಿದ್ದಿ ಹೌದಲ್ಲೋ? ನೋಡದ ಇದ್ರ ಕಣ್ಣು ಹಂಗ ಆಡ್ತಾವಂತ ನಿನಗ ಹೆಂಗ ಗೊತ್ತು?”

ಅಜ್ಜಿ ವೀಳ್ಯದೆಲೆ ತೆಗೆದು ಸುಣ್ಣ ಹಚ್ಚಿದಳು. “ಕಥಿ ಕೇಳಬೇಕವ್ವ, ಅದರ ಚರ್ಮ ಸುಲೀಬಾರದು. ಹೋಗು, ಓದ್ಕೋ ಹೋಗು” ಎಂದಳು. ಸುಣ್ಣ ಹಚ್ಚಿದ ಎಲೆಯನ್ನು ಬಾಯಿಗೆ ಹಾಕಿಕೊಳ್ಳಲೇ ಇಲ್ಲ.

ಸೋಮವಾರ ಶೇಖರಮ್ಮ ಮಗನನ್ನು ಕರೆದುಕೊಂಡು ಬಂದಳು. ಅಣ್ಣನ ಮನೆಯ ಪಡಸಾಲೆಯಲ್ಲೇ ಪರಕೀಯರ ಹಾಗೆ ತುದಿಗೆ ಕೂತಳು. ಕಾಲಿಗೆ ಕೊಟ್ಟ ನೀರು ಮುಟ್ಟಲಿಲ್ಲ. ಮದುವೆಯಲ್ಲಿ ಹಂಪವ್ವನಿಗೆ ತವರಿನವರು ಕೊಟ್ಟ ತಾಮ್ರದ ಕೊಡವನ್ನು ತಂದು ಎಲ್ಲರಿಗೂ ಕಾಣುವ ಹಾಗೆ ನಡುವೆ ಇಟ್ಟಳು. ಕೊಡ ತಿರುಗಿ ಬಂತೆಂದರೆ ಮಗಳು ತಿರುಗಿ ಬಂದ ಹಾಗೆ.

“ಅಣ್ಣಾ, ನಿನ್ನ ಮಗಳು ನಿನಗ ಇರಲಿ. ನಾ ಓಣ್ಯಾಗ ತಲಿ ಎತ್ತಿ ಅಡ್ಡಾಡಬೇಕು” ಎಂದಳು ಶೇಖರಮ್ಮ.

ಮುದಿಯಪ್ಪ ನೆಲ ನೋಡುತ್ತ ಕೂತ. ತಿರುಪತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಹಂಪವ್ವ ಒಳಗಿನ ತೊಟ್ಟಿಲ ಹಗ್ಗ ಜಗ್ಗುವುದನ್ನು ನಿಲ್ಲಿಸಲಿಲ್ಲ. “ದೇವರ ಮುಂದ ಕರ್ಪೂರ ಮುಟ್ಟಿ ಹೇಳೀನಿ. ಇನ್ನೊಮ್ಮಿ ಹೇಳಂಗಿಲ್ಲ” ಎಂದಷ್ಟೇ ಅವಳ ದನಿ ಬಂತು.

“ಅಣ್ಣಾ, ನಾ ಒಂದ ಮಾತು ಹೇಳ್ಲಿ?” ಸಹನಾ ಎದ್ದಳು. ಆಂಜನೇಯನ ಕಡೆಗೆ ತಿರುಗಿದಳು. “ಇಲ್ಲಿ ನಮ್ಮ ಓಣ್ಯಾಗ ಗೊಂಬಿ ಮಾಡೋದು ನೀ ನೋಡೀದಿ. ಕಟಗಿ ಕೆತ್ತಿದ ಮ್ಯಾಲೆ ಮೊದ್ಲು ಬಿಳೀದು ಬಳೀತಾರ. ಆಮ್ಯಾಲೆ ಬಣ್ಣ. ಬಣ್ಣ ಕಲಸೋದು ಕೂಸಿಗೆ ಇಬ್ರು ಹೇಳಿಕೊಡ್ತಾರ ಅಂತ ತಿಳ್ಕೋ, ಅವ್ವ ಒಬ್ಬಾಕಿ, ಅಪ್ಪ ಒಬ್ಬಾವ. ಒಬ್ರು ತಪ್ಪು ಹೇಳಿದ್ರೂ ನಡೀತೈತಿ, ಇನ್ನೊಬ್ರು ಸರಿ ಹೇಳಿರ್ತಾರ. ಇಬ್ರೂ ತಪ್ಪು ಹೇಳಿದ್ರ ಗೊಂಬಿ ಬಿಳೀದ ಉಳೀತೈತಿ. ಬ್ಯಾರೆ ಯಾವಾನೂ ಬರಬೇಕಾಗಿಲ್ಲ ಅಣ್ಣಾ. ನೀನೂ ಅಕ್ಕನೂ ಒಂದ ಅಜ್ಜಿ ಮೊಮ್ಮಕ್ಕಳು. ಒಂದ ತಪ್ಪು ಇಬ್ರಿಗೂ ಬಂದಿರಬಹುದು.”

ಆಂಜನೇಯ ಮೊದಲ ಬಾರಿ ತಲೆ ಎತ್ತಿದ. “ಅಂದ್ರ ನನ್ನೊಳಗೂ ಐತಿ ಅಂತೀ?”

“ನಿನ್ನೊಳಗ ಇಲ್ಲದ ಈ ಕೂಸು ಹಿಂಗ ಹುಟ್ಟಾಕ ಆಗಂಗಿಲ್ಲ.”

“ಬಾಯಿ ಮುಚ್ಚು!” ಶೇಖರಮ್ಮ ಸಿಡಿದಳು. “ನಾಲ್ಕಕ್ಷರ ಕಲಿಯಾಕ ಕಳಿಸಿದ್ರ ನಮ್ಮ ವಂಶಕ್ಕ ಹುಳ ಹಿಡಿಸಾಕ ಬಂದ್ಯಾ? ನಮ್ಮ ರಕ್ತದಾಗ ಇಂಥಾದ್ದು ಹುಟ್ಟಿಲ್ಲ, ಹುಟ್ಟಂಗಿಲ್ಲ. ಹೌದಂತ ಒಪ್ಪಿದ್ರ ನಾಳೆ ನಿನ್ನ ಯಾರು ಮಾಡ್ಕೋತಾರ, ಖಬರ್ ಐತೇನು?”

ಆಗ ಸಹನಾಳಿಗೆ ಅವ್ವನ ಲೆಕ್ಕ ತಿಳಿಯಿತು. ಸೊಸೆ ಕೆಟ್ಟವಳಾದರೆ ಒಬ್ಬಳು ಹೋಗುತ್ತಾಳೆ. ರಕ್ತ ಕೆಟ್ಟದ್ದು ಎಂದಾದರೆ ಮನೆಯೇ ಹೋಗುತ್ತದೆ. ಅವ್ವನಿಗೆ ಸುಳ್ಳಿನ ಮೇಲೆ ನಂಬಿಕೆ ಇತ್ತೋ ಇಲ್ಲವೋ, ಸತ್ಯದ ಭಯವಂತೂ ಇತ್ತು.

ಹಿತ್ತಲ ಬಾಗಿಲಿನಿಂದ ಮಾರೆಮ್ಮಜ್ಜಿ ಗೋಡೆ ಹಿಡಿದುಕೊಂಡು ಬಂದಳು. ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ, ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡು ಬಂದು ಮಗಳ ಎದುರಿಗೆ ಕೂತಳು.

“ಶೇಖರೀ, ಕಣ್ಣು ನೋಡು ಇದರದು.”

“ನಾ ಯಾಕ ನೋಡ್ಲಿ?”

“ನೋಡು ಅಂದೆ. ಸಣ್ಣಾಕಿ ಇದ್ದಾಗ ಚೆನ್ನಿ ಕಥಿ ಕೇಳಿ ಕೇಳಿ ನೀನೂ ಕಣ್ಣು ಹಿಂಗ ಆಡಿಸಿ ನಗತಿದ್ದಿ. ಆಕಿ ಕಥ್ಯಾಗಿನಾಕಿ ಅಲ್ಲ. ನನ್ನ ಖಾಸ ತಂಗಿ. ನನ್ನ ಬೆನ್ನಿಗೆ ಬಿದ್ದಾಕಿ.”

ಅಜ್ಜಿ ಕೂಸಿನ ತಲೆಯ ಬಿಳಿ ನವಿರನ್ನು ನೇವರಿಸಿದಳು.

“ನಮ್ಮಪ್ಪ ಹೇಳಿದ್ದ, ಹೊರಗ ಯಾರಿಗೂ ಬಾಯಿ ಬಿಡಬ್ಯಾಡ್ರಿ, ಉಳಿದ ಹೆಣ್ಣಮಕ್ಕಳಿಗೆ ಗಂಡು ಸಿಗಂಗಿಲ್ಲ ಅಂತ. ನಾ ಅದನ್ನ ಕಥಿ ಮಾಡಿ ಇಟ್ಕೊಂಡೆ. ಮಣಿ ಮೂಗಿಗೆ ಹಿಡಿತಿದ್ಲು, ಖರೇ. ಒಳಕೋಣಿ ಚಿಲಕ, ಖರೇ. ಕೊನೀದು ಒಂದ ಸುಳ್ಳು. ಚಂದ್ರ ಬರಲಿಲ್ಲ. ಬಿಸಿಲಿಗೆ ಎದ್ದ ಹುಣ್ಣು ಮಾಯಲಿಲ್ಲ, ಆಕಿ ಸತ್ಲು. ಆ ಕೋಣ್ಯಾಗ ಸತ್ಲು.”

ಕೂಸು ಅಜ್ಜಿಯ ಮುಖದ ಕಡೆಗೆ ಕೈ ಚಾಚಿತು. ಕಣ್ಣು ತೂಗುತ್ತಲೇ ಇತ್ತು. ಆಂಜನೇಯ ಎದ್ದು ಬಂದು ಅಜ್ಜಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಒಂದು ಬೆರಳನ್ನು ಕೂಸಿನ ಮುಷ್ಟಿಯೊಳಗೆ ಇಟ್ಟ. ಭುಜ ಅಲುಗುತ್ತಿತ್ತು. ಯಾರೂ ಅವನಿಗೆ ಸಮಾಧಾನ ಹೇಳಲಿಲ್ಲ.

ಶೇಖರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, “ಆತು, ಕರ್ಕೊಂಡು ಹೋಗೂಣು” ಎಂದಳು. “ಸಂಜೀ ಬಸ್ಸಿಗೆ ಹೋದ್ರ ಮನಿ ಮುಟ್ಟೂತನ ಕತ್ತಲಾಗಿರತೈತಿ. ಯಾರ ಕಣ್ಣಿಗೂ ಬೀಳಂಗಿಲ್ಲ.”

ಖಾಲಿ ತೊಟ್ಟಿಲನ್ನೇ ತೂಗುತ್ತಿದ್ದ ಹಗ್ಗದ ಕಿರುಗುಟ್ಟುವಿಕೆ ನಿಂತಿತು. ಹಂಪವ್ವ ಬಾಗಿಲಿಗೆ ಬಂದಳು.

“ಕತ್ತಲದಾಗ ನಾ ಬರಂಗಿಲ್ಲ ಅತ್ತೀ. ಮೂರು ತಿಂಗಳು ನನ್ನ ಮಾತು ಯಾರಿಗೂ ಸಾಲಲಿಲ್ಲ. ಬಣ್ಣದ ಲೆಕ್ಕ ಬಂತು, ಸತ್ತಾಕಿ ಸಾಕ್ಷಿ ಬಂತು, ಈಗ ನಾ ಛಲೋ ಆದೆ. ಇರ್ಲಿ. ಚೆನ್ನಿನ ಇಟ್ಟಂಗ ನನ್ನ ಮಗಳನ್ನ ಚಿಲಕದೊಳಗ ಇಡಾಕ ಬಿಡಂಗಿಲ್ಲ. ಕರ್ಕೊಂಡು ಹೋಗಾವ ಇದ್ರ ಕೂಸಿನ ಅಪ್ಪ ಹಾಡುಹಗಲ ಓಣ್ಯಾಗ ಎತ್ತಿಕೊಂಡು ನಡೀಲಿ. ಇಲ್ಲಾಂದ್ರ ಆ ಕೊಡ ಅಲ್ಲೇ ಇರ್ಲಿ.”

ಅಂದು ಯಾರೂ ಹೊರಡಲಿಲ್ಲ. ಸಂಜೆ ಹಿತ್ತಲ ಬೇವಿನ ಕೆಳಗೆ ತಿರುಪತಿ ಸಹನಾಳನ್ನು ಕೇಳಿದ. “ಹಂಗಾರ ನಾವಿಬ್ರು?”

ಅವಳು ಈ ಪ್ರಶ್ನೆಯನ್ನು ಭಾನುವಾರದಿಂದ ಎದೆಯಲ್ಲಿ ಹೊತ್ತುಕೊಂಡಿದ್ದಳು. “ಆ ತಪ್ಪು ನನ್ನೊಳಗ ಇರಬಹುದು, ನಿನ್ನೊಳಗ ಇರಬಹುದು. ಇಲ್ಲದನೂ ಇರಬಹುದು. ಬ್ಯಾಡ ಅನಸ್ತೈತಿ ತಿರುಪತಿ.”

“ನನ್ನ ಮಗಳಂಥಾದ್ದು ಹುಟ್ಟಬಾರದು ಅಂತೇನ?” ಎಂದಿತು ಹಿಂದಿನಿಂದ ಬಂದ ದನಿ.

ಹಂಪವ್ವ ಒಣಹಾಕಿದ ಕೂಸಿನ ಬಟ್ಟೆ ತೆಗೆದುಕೊಳ್ಳಲು ಬಂದಿದ್ದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಸಹನಾಳಿಗೆ ತಾಳಲಾಗಲಿಲ್ಲ. ಪರೀಕ್ಷೆಯಲ್ಲಿ ಬರೆಯಬಹುದಾದ ಉತ್ತರಗಳೆಲ್ಲ ಅವಳಿಗೆ ಗೊತ್ತಿದ್ದವು. ಈ ಮಾತಿಗೆ ಅವುಗಳಲ್ಲಿ ಒಂದೂ ಸರಿಹೊಂದಲಿಲ್ಲ. ಹಂಪವ್ವ ಬಟ್ಟೆ ಮಡಿಚಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಆಂಜನೇಯ ಮಾವನ ಮನೆಯ ಗೂಟದಿಂದ ಕರಿ ಕೊಡೆ ತೆಗೆದುಕೊಂಡ. ತಾಮ್ರದ ಕೊಡವನ್ನು ಶೇಖರಮ್ಮನೇ ಸೊಂಟಕ್ಕೇರಿಸಿದಳು. ಸಹನಾ ಬಟ್ಟೆಯ ಗಂಟು ಹಿಡಿದು ಜೊತೆಗೆ ಹೊರಟಳು. ಗಡ್ಡೆಯ ಕ್ರಾಸಿನಲ್ಲಿ ಬಸ್ ಇಳಿದಾಗ ಸೂರ್ಯ ನೆತ್ತಿಗೆ ಬಂದಿದ್ದ. ಬಂಡೆಗಳು ಕಾದಿದ್ದವು, ನಾಟಿ ಮುಗಿದ ಗದ್ದೆಗಳ ನೀರು ಕಣ್ಣಿಗೆ ಹೊಡೆಯುತ್ತಿತ್ತು.

ಆಂಜನೇಯ ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ಕೊಡೆ ಹಿಡಿದು ಮುಂದೆ ನಡೆದ. ಕೊಡೆಯ ನೆರಳೆಲ್ಲ ಕೂಸಿಗೆ ವಾಲಿತ್ತು, ಅವನ ನೆತ್ತಿಯಿಂದ ಬೆವರು ಇಳಿಯುತ್ತಿತ್ತು. ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದವರ ಮಾತು ನಿಂತಿತು. ಓಬಳೆಪ್ಪ ಎಂಬ ಬಾಯಿಬಡುಕ ಅಲ್ಲಿಂದಲೇ ಕೂಗಿದ.

“ಏನಲೇ ಆಂಜನೇಯ, ಕೊಡಿ ಹಿಡ್ಕೊಂಡು ದೊರೆಸಾನಿ ಸವಾರಿ ಹೊಂಟಿ! ಯಾವ ದೇಶದ್ದೋ ಕೂಸು?”

ನಗೆ ಎದ್ದಿತು. ಆಂಜನೇಯ ನಿಂತ. ಸಹನಾ ಅವನ ಬೆನ್ನನ್ನೇ ನೋಡುತ್ತಿದ್ದಳು. ಅಂಗಿ ಬೆವರಿಗೆ ಅಂಟಿ, ಉಸಿರು ಏರಿ ಇಳಿಯುವುದು ಕಾಣುತ್ತಿತ್ತು.

“ನಂದು” ಎಂದ ಅವನು, ತನಗಷ್ಟೇ ಕೇಳುವ ಹಾಗೆ.

ಹಂಪವ್ವ ಅವನ ಪಕ್ಕಕ್ಕೆ ಬಂದು ನಿಂತಳು. ಸೆರಗು ಸರಿಮಾಡಿಕೊಂಡು ಚಹಾದಂಗಡಿಯ ಕಡೆಗೇ ನೋಡುತ್ತ ಹೇಳಿದಳು.

“ಇನ್ನೊಮ್ಮಿ ಹೇಳ್ರಿ. ಅವರಿಗೆ ಕೇಳಿಸಿಲ್ಲ.”